ಹಳ್ಳದ ಗಾಡಿ

ರೊಟ್ಟಿ ಹಿಟ್ಟು ನಾದುವ ಪರಾತದಲ್ಲಿ ಕಾರ್ಬುರೇಟರ್ ಕೂತಿತ್ತು. ಕಾಂತಾಬಾಯಿ ಅದನ್ನು ನೋಡಿದಳು, ಹೊಗೆಯಾಡುವ ಒಲೆಯನ್ನು ನೋಡಿದಳು, ಅಂಗಳದಲ್ಲಿ ಮೋಟರ್ ಸೈಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತ ಗಂಡನ ಬೆನ್ನನ್ನು ನೋಡಿದಳು. ಬೈಯಬೇಕೆನ್ನಿಸಿತು. ಆದರೆ ಆ ಗಾಡಿ ಮನೆಗೆ ಬಂದಾಗಿನಿಂದ ಇದ್ದಬದ್ದ ಬೈಗುಳಗಳನ್ನೆಲ್ಲ ಆಕೆ ಖರ್ಚು ಮಾಡಿ ಮುಗಿಸಿದ್ದಳು. ಹೊಸದು ಎಲ್ಲಿಂದ ತರಬೇಕು?

ಒಲೆಯ ಕೆಂಡದ ಮೇಲೆ ಪ್ಲಗ್ಗು ಒಣಗುತ್ತಿತ್ತು. ಸೀಮೆಎಣ್ಣೆಯ ಬೋಗುಣಿಯಲ್ಲಿ ಚೈನು ಹಾವಿನ ಹಾಗೆ ಸುರುಳಿ ಸುತ್ತಿ ಮಲಗಿತ್ತು. ನಟ್ಟು ಬೋಲ್ಟುಗಳು ಉಪ್ಪಿನ ಡಬ್ಬಿಯಲ್ಲಿ, ಉಪ್ಪು ಕಾಗದದ ಪೊಟ್ಟಣದಲ್ಲಿ. ಒಮ್ಮೆ ಅತ್ತೆ ಸೋನುಬಾಯಿಗೆ ಬೇಳೆಯಲ್ಲಿ ಒಂದು ವಾಷರ್ ಸಿಕ್ಕಿತ್ತು. ಮುದುಕಿ ಅದನ್ನು ಬಾಯಿಂದ ತೆಗೆದು, ಸೆರಗಿಗೆ ಒರೆಸಿ, ಮಗನ ಕೈಗಿಟ್ಟು, ಇದು ನಿಂದೇನು ನೋಡು ಅಂದಿದ್ದಳು. ಮಗ ನೋಡಿ, ಹೌದು, ಇದನ್ನೇ ಹುಡುಕುತ್ತಿದ್ದೆ ಎಂದು ಖುಷಿಪಟ್ಟಿದ್ದ. ಇಂಥವನ ಜೊತೆ ಜಗಳವಾಡುವುದು ಹೇಗೆ?

ಗಂಡನ ಹೆಸರು ಉತ್ತಮ. ಹುಮನಾಬಾದಿನಲ್ಲಿ ವಜೀರ್ ಮಿಸ್ತ್ರಿಯ ಗ್ಯಾರೇಜಿನಲ್ಲಿ ಕೆಲಸ. ಊರು ಕೊಂಡೂರವಾಡಿ, ರಾಜೇಶ್ವರದ ಸಡಕಿನಿಂದ ಒಳಗೆ. ಊರ ತುದಿಯಲ್ಲಿರುವ ಅವರ ಓಣಿಗೆ ಊರವರು ಹೊಲಗೇರಿ ಎನ್ನುತ್ತಿದ್ದರು. ಅಲ್ಲಿದ್ದವರು ಬೌದ್ಧರಾದ ಮೇಲೆ ಭೀಮನಗರ ಎಂದು ಹೆಸರಿಟ್ಟುಕೊಂಡಿದ್ದರು. ಇದು ಸಾವಿರದ ಒಂಬೈನೂರ ಎಪ್ಪತ್ತೆಂಟರ ಮಾತು. ದೇಶಕ್ಕೆ ಸ್ವಾತಂತ್ರ್ಯ ಬಂದು, ನಿಜಾಮ ಹೋಗಿ, ಕಾಯದೆ ಕಾನೂನು ಎಲ್ಲ ಆಗಿ, ಕಲ್ಯಾಣದಲ್ಲಿ ಸಮಾನತೆಯ ಭಾಷಣಗಳು ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ಕಾಲ. ಕಲ್ಯಾಣವೇನು ದೂರವಿರಲಿಲ್ಲ. ಭಾಷಣ ಕೇಳಿದವರು ಸಂಜೆಯೊಳಗೆ ಊರು ಸೇರಬಹುದಿತ್ತು, ಸೇರುತ್ತಿದ್ದರು ಕೂಡ.

ಗಾಡಿ ರಾಜದೂತ. ಅಂಥದೇ ಗಾಡಿಯ ಮೇಲೆ ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡು ರಾಜೇಶ್ವರದಿಂದ ಕಲ್ಯಾಣಕ್ಕೆ ದಿನಾ ಓಡಾಡುವವರಿದ್ದರು. ಅವರು ವರ್ಷಕ್ಕೊಂದೆರಡು ಸಲ ಗಾಡಿ ಬಿಚ್ಚಿಸಿದರೆ ಹೆಚ್ಚು. ಉತ್ತಮ ಮಾತ್ರ ವಾರ ವಾರ ಬಿಚ್ಚುತ್ತಿದ್ದ. ಅವನಿಗೆ ಕೆಲಸ ಬರುತ್ತಿರಲಿಲ್ಲವೇ? ಬರುತ್ತಿತ್ತು. ಗಾಡಿ ಕೆಟ್ಟದ್ದಾಗಿತ್ತೇ? ಅಲ್ಲ. ಕೆಟ್ಟದ್ದು ಬೇರೆ ಇತ್ತು.

ಭೀಮನಗರದಿಂದ ರಾಜೇಶ್ವರಕ್ಕೆ ಹೋಗಬೇಕಾದರೆ ಊರ ಹೆಬ್ಬಾಗಿಲಾದ ಅಗಸಿಯೊಳಗೆ ಹಾದು, ಹನುಮಂತದೇವರ ಗುಡಿಯ ಕಟ್ಟೆ ಮತ್ತು ಪಾಟೀಲರ ವಾಡೆಯ ಮುಂದಿನ ಗಲ್ಲಿ ದಾಟಿ, ಮಕ್ಕಳು ಓದುವ ಸಾಲಿಯ ಮೂಲೆಯಲ್ಲಿ ಖಡಿ ಹಾಸಿದ ರಸ್ತೆ ಸೇರಬೇಕು. ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ ರಸ ಬರುವುದರೊಳಗೆ ಆಚೆ ಇರಬಹುದು, ಅಷ್ಟೇ ದೂರ. ಆ ಅಷ್ಟು ದೂರದಲ್ಲಿ ಭೀಮನಗರದವರು ಯಾವ ಸವಾರಿಯ ಮೇಲೂ ಕೂರುವಂತಿರಲಿಲ್ಲ. ಉತ್ತಮನ ಅಪ್ಪ ನರಸಿಂಗ ದೀಕ್ಷೆ ತಗೊಂಡು, ಮನೆಯೊಳಗಿನ ದೇವರುಗಳನ್ನೆಲ್ಲ ಹಳ್ಳಕ್ಕೆ ಬಿಟ್ಟು, ಬಾಬಾಸಾಹೇಬರ ಪಟ ತೂಗುಹಾಕಿದ ಗಟ್ಟಿ ಮನುಷ್ಯ. ಆತ ಕೂಡ ಆ ಗಲ್ಲಿಯಲ್ಲಿ ಸಾಯುವತನಕ ಚಪ್ಪಲಿ ಕೈಯಲ್ಲಿ ಹಿಡಿದೇ ನಡೆದ. ಆಮೇಲೆ ಸೈಕಲ್ಲುಗಳು ಬಂದವು. ಚಪ್ಪಲಿ ಕಾಲಿಗೆ ಏರಿತು, ಸೈಕಲ್ಲಿನಿಂದ ಮಾತ್ರ ಇಳಿದು ದಬ್ಬಿಕೊಂಡು ಹೋಗುವುದಾಯಿತು. ಹಾಗಂತ ಯಾರೂ ಹೇಳುತ್ತಿರಲಿಲ್ಲ, ಎಲ್ಲಿಯೂ ಬೋರ್ಡು ಬರೆದಿರಲಿಲ್ಲ. ಹೇಳದೆ, ಬರೆಯದೆ ನಡೆಯುವಂಥದ್ದಕ್ಕೆ ನಾವು ಪದ್ಧತಿ ಎಂದು ಹೆಸರಿಟ್ಟು ಕೈ ತೊಳೆದುಕೊಂಡಿದ್ದೇವೆ.

ವಜೀರನ ಗ್ಯಾರೇಜಿನ ಮೂಲೆಯಲ್ಲಿ ತುಂಡುತುಂಡಾಗಿ ಬಿದ್ದಿದ್ದ ಗಾಡಿಯನ್ನು ಗೋಣಿಚೀಲಗಳಲ್ಲಿ ತಂದು, ಅಂಗಳದಲ್ಲಿ ಜೋಡಿಸಿ, ಮೊದಲ ಸಲ ಚಾಲೂ ಮಾಡಿದ ದಿನ ಉತ್ತಮ ನೇರ ಅಗಸಿಯತನಕ ಹೋದ. ಕಟ್ಟೆಯ ಮೇಲಿದ್ದ ಪಾಟೀಲ ಮಹಾರುದ್ರಪ್ಪ ಗದರಲಿಲ್ಲ. ಆತ ಗದರುವ ಮನುಷ್ಯನೇ ಅಲ್ಲ. ಬೆಣ್ಣೆಯಂಥ ದನಿಯಲ್ಲಿ, ನಿನ್ನಂಥವರು ಮುಂದೆ ಬರಬೇಕು, ಬಹಳ ಸಂತೋಷವಾಯಿತು ಎಂದು ಹೊಗಳಿದ. ಆಮೇಲೆ ಅಷ್ಟೇ ಮೆತ್ತಗೆ ಒಂದು ಮಾತು ಸೇರಿಸಿದ.

"ಇಲ್ಲಿ ಮಾತ್ರ ಇಳಿದು ದಬ್ಬಿಕೊಂಡು ಹೋಗಪ್ಪ ಉತ್ತಮ. ಏಸು ದೂರ ಅದ?"

ಉತ್ತಮ ಇಳಿಯಲಿಲ್ಲ. ಗಾಡಿಯನ್ನು ಅಲ್ಲೇ ತಿರುಗಿಸಿದ. ಓಣಿಯ ಹಿಂದಿನ ಬದುವಿನ ಮೇಲಿಂದ ಹಳ್ಳಕ್ಕೆ ಇಳಿಸಿ, ಹಳ್ಳದೊಳಗಿನ ಗುಂಡುಕಲ್ಲುಗಳ ಮೇಲೆ ಏರಿಳಿದು, ಆಚೆ ದಂಡೆ ಹತ್ತಿ, ಬಸವಣಪ್ಪನ ಎರೆಹೊಲದ ಅಂಚು ಹಿಡಿದು ಊರನ್ನೇ ಬಳಸಿ ಸಾಲಿಯ ಮೂಲೆಗೆ ಬಂದು ಮುಟ್ಟಿದ. ಅಂದಿನಿಂದ ಅದೇ ಅವನ ದಾರಿ. ತಾನು ಗೆದ್ದೆ ಅಂತ ಅವನ ತಿಳಿವಳಿಕೆ. ಅಪ್ಪ ತಲೆ ತಗ್ಗಿಸಿದ ಜಾಗದಲ್ಲಿ ತಾನು ತಗ್ಗಿಸಲಿಲ್ಲ ಅಂತ.

ಆದರೆ ಸಡಕಿಗೆ ಮಾಡಿದ ಗಾಡಿಗೆ ಹಳ್ಳ ಒಗ್ಗಬೇಕಲ್ಲ? ಉತ್ತಮ ಒಗ್ಗಿಸಿದ. ಸೈಲೆನ್ಸರ್ ಕೆಳಗಿದ್ದರೆ ನೀರು ಹೊಗುತ್ತದೆಂದು ಅದನ್ನು ಬಿಚ್ಚಿಟ್ಟು, ಗುಜರಿಯ ಬೇರೊಂದು ಸೈಲೆನ್ಸರಿನ ಕೊಳವೆ ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿ ಸೀಟಿನ ಪಕ್ಕಕ್ಕೆ ಏರಿಸಿದ. ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗದಂತಾಗುತ್ತದೆಂದು ಮುಂದಿನ ಮಡ್‌ಗಾರ್ಡನ್ನು ಮೊಣಕಾಲೆತ್ತರಕ್ಕೆ ಕಟ್ಟಿದ. ಎಳೆಯುವ ಶಕ್ತಿ ಹೆಚ್ಚಲೆಂದು ಹಿಂದಿನ ಗಾಲಿಗೆ ದೊಡ್ಡ ಹಲ್ಲುಚಕ್ರ ಹಾಕಿ, ಅದಕ್ಕೆ ಸಾಲದ ಚೈನಿಗೆ ಬೇರೊಂದರ ಕೊಂಡಿ ಸೇರಿಸಿ ಉದ್ದ ಮಾಡಿದ. ಇಂಜಿನ್ನು ಗಾಳಿ ಎಳೆಯುವ ಬಾಯಿಗೆ ಸೈಕಲ್ ಟ್ಯೂಬು ಕಟ್ಟಿ ಮೇಲಕ್ಕೆ ಒಯ್ದ. ಕಲ್ಲು ಬಡಿಯದಂತೆ ಇಂಜಿನ್ನಿನ ಹೊಟ್ಟೆಯಡಿಗೆ ಚಕ್ಕಡಿಯ ಕಬ್ಬಿಣದ ಪಟ್ಟಿ ಕೂಡಿಸಿದ. ನುಣ್ಣಗಿನ ಟಾಯರಿನಲ್ಲಿ ಅಡ್ಡಡ್ಡ ಗೆರೆ ಕೊರೆದ. ನೋಡಿದವರು ಬೆರಗಾಗಬೇಕು, ಹಾಗೆ ಮಾಡಿದ. ಬೆರಗಾದರು ಕೂಡ. ಊರವರೆಲ್ಲ ಅದನ್ನು ಹಳ್ಳದ ಗಾಡಿ ಎಂದು ಕರೆದು, ಉತ್ತಮನ ತಲೆಯೇ ತಲೆ ಎಂದು ಹೊಗಳಿದರು. ರಸ್ತೆ ಇರುವಾಗ ಈ ಮನುಷ್ಯ ಹಳ್ಳಕ್ಕೆ ಯಾಕೆ ಇಳಿಯುತ್ತಾನೆ ಎಂದು ಒಬ್ಬನಾದರೂ ಕೇಳಬೇಕಲ್ಲ? ಕೇಳಲಿಲ್ಲ.

ಹಳ್ಳವೇನು ಪುಕ್ಕಟೆ ಬಿಡುತ್ತದೆಯೇ? ನೀರು ಹೋಗಿ ಗಾಲಿಯ ಬೇರಿಂಗು ಕಟಕಟ ಅನ್ನುವುದು. ಉಸುಕು ಬ್ರೇಕಿನ ಶೂ ಸವೆಸುವುದು. ಕೆಸರಿನಲ್ಲಿ ಅರ್ಧ ಕ್ಲಚ್ಚು ಹಿಡಿದು ಎಳೆದೂ ಎಳೆದೂ ಕ್ಲಚ್ ಪ್ಲೇಟು ಸುಡುವುದು. ಕೊಂಡಿ ಸೇರಿಸಿದ ಚೈನು ನಡುಹಳ್ಳದಲ್ಲಿ ಹಾರಿಕೊಳ್ಳುವುದು. ಸಂಜೆಗೆ ಬಿಚ್ಚು, ತೊಳಿ, ಒಣಗಿಸು, ಗ್ರೀಸು ತುಂಬು, ಕೂಡಿಸು. ಬೆಳಿಗ್ಗೆ ಮತ್ತೆ ಹಳ್ಳ. ನಟ್ಟು ತಿರುಗಿಸುವ ಪಾನಾ ಕೊಡು, ಒರೆಸುವ ಬಟ್ಟೆ ಕೊಡು, ಇಲ್ಲಿ ಹಿಡಿ, ಅಲ್ಲಿ ಒತ್ತು ಎನ್ನಿಸಿಕೊಂಡು ಕಾಂತಾಬಾಯಿಗೆ ಆ ಗಾಡಿಯ ಒಳಹೊರಗೆಲ್ಲ ಬಾಯಿಪಾಠವಾಗಿತ್ತು. ಬೇಕಂತ ಕಲಿತದ್ದಲ್ಲ, ಬೇಸತ್ತು ಕಲಿತದ್ದು.

ಆಕೆಗೆ ಆಕೆಯದೇ ಒಂದು ಕೆಲಸ ಇತ್ತು. ಏಳನೆಯ ಇಯತ್ತೆ ಪಾಸಾಗಿ, ಸೂಲಗಿತ್ತಿಯ ತರಬೇತಿ ಮುಗಿಸಿ, ರಾಜೇಶ್ವರದ ಒಂದು ಹೆರಿಗೆ ದವಾಖಾನೆಯಲ್ಲಿ ಹಂಗಾಮಿಯಾಗಿ ಸೇರಿದ್ದಳು. ವರ್ಷ ಪೂರ್ತಿ ತಕರಾರಿಲ್ಲದೆ ಮುಗಿಸಿದರೆ ಕಾಯಂ ಮಾಡುತ್ತೇವೆ ಎಂದಿದ್ದರು. ಭೀಮನಗರದ ಹೆಣ್ಣುಮಗಳೊಬ್ಬಳು ಪರರ ಹೊಲದಲ್ಲಿ ಕಳೆ ಕೀಳದೆ, ಬಿಳಿ ಸೀರೆ ಉಟ್ಟು, ತಿಂಗಳ ಪಗಾರದ ಮೇಲೆ ದುಡಿಯುವುದು ಅದೇ ಮೊದಲು. ಆ ಕೆಲಸ ಉಳಿಯಬೇಕಾದರೆ ಎಂಟರ ಹೊತ್ತಿಗೆ ದವಾಖಾನೆಯಲ್ಲಿರಬೇಕು. ಊರಿಗೆ ಬರುವ ಒಂದೇ ಬಸ್ಸು ಮಧ್ಯಾಹ್ನದ್ದು. ಉತ್ತಮನ ಗಾಡಿಯೇ ಗತಿ. ಆಕೆಯನ್ನು ರಾಜೇಶ್ವರದಲ್ಲಿ ಇಳಿಸಿ ಆತ ಹುಮನಾಬಾದಿಗೆ ಹೋಗಬೇಕು.

ಹಳ್ಳದಲ್ಲಿ ಆತನ ಹಿಂದೆ ಕೂತು ಹೋದರೆ ಬಿಳಿ ಸೀರೆ ಎರೆಮಣ್ಣಿನ ಬಣ್ಣಕ್ಕೆ ಬರುತ್ತಿತ್ತು. ಅದಕ್ಕಾಗಿ ಗಂಡ ಹೆಂಡತಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ಆಕೆ ಗಲ್ಲಿಯೊಳಗಿಂದ ನಡೆದು ಹೋಗಿ ಸಾಲಿಯ ಮೂಲೆಯಲ್ಲಿ ನಿಲ್ಲುವುದು, ಆತ ಹಳ್ಳ ಬಳಸಿ ಅಲ್ಲಿಗೆ ಬರುವುದು. ನಡೆದು ಹೋಗುವುದಕ್ಕೆ ಅಡ್ಡಿ ಇರಲಿಲ್ಲ. ನೆಲ ಕಾಲಿಗೆ ಮುಟ್ಟುತ್ತಿದ್ದರೆ ಊರಿನ ಮರ್ಯಾದೆಗೆ ಧಕ್ಕೆ ಇಲ್ಲ.

ಆಕೆ ನಿಲ್ಲುತ್ತಿದ್ದಳು. ಆತ ಬರುತ್ತಿರಲಿಲ್ಲ. ಚೈನು ಹಾರಿರುತ್ತಿತ್ತು, ಇಲ್ಲವೇ ಪ್ಲಗ್ಗಿಗೆ ನೀರು ಹೊಕ್ಕಿರುತ್ತಿತ್ತು. ಹೊಲಕ್ಕೆ ಹೋಗುವವರು ಒಬ್ಬೊಬ್ಬರೂ ಒಂದೊಂದು ಮಾತು ಒಗೆದು ಹೋಗುವರು. ಬಸವಣಪ್ಪ ದಿನಾ ಅದನ್ನೇ ಕೇಳುವನು.

"ಏನವಾ ಕಾಂತಾಬಾಯಿ, ನಿನ್ನ ಗಂಡ ಹಳ್ಳದಾಗ ಮೀನ ಹಿಡ್ಯಾಕತ್ತಾನೇನು?"

"ಹೌದ್ರಿ ಕಾಕಾ. ಸಿಕ್ಕರ ನಿಮ್ಮನಿಗೂ ಒಂದು ಕೊಟ್ಟು ಕಳಸ್ತೀನಿ ತಡೀರಿ."

ಉಳ್ಳಾಗಡ್ಡಿಯನ್ನೂ ಮನೆಯೊಳಗೆ ಬಿಟ್ಟುಕೊಳ್ಳದ ಬಸವಣಪ್ಪ ಶಿವಶಿವ ಅನ್ನುತ್ತ ಎತ್ತುಗಳನ್ನು ಹೊಡೆದುಕೊಂಡು ಹೋಗುವನು. ಆಕೆಗೆ ಅಷ್ಟರಮಟ್ಟಿಗೆ ಸಮಾಧಾನ. ಆದರೆ ಆ ಸಮಾಧಾನ ದವಾಖಾನೆಯ ಗಡಿಯಾರಕ್ಕೆ ತಿಳಿಯಬೇಕಲ್ಲ.

ದವಾಖಾನೆಯ ನರ್ಸು ಹಜಿರಾ ಬೀ. ಕೈ ಎಷ್ಟು ಹಗುರವೋ ಬಾಯಿ ಅಷ್ಟೇ ಭಾರ. ಕಾಂತಾಬಾಯಿಯ ಕೆಲಸದ ಮೇಲೆ ಆಕೆಗೆ ಭರವಸೆ ಇತ್ತು, ಕಾಂತಾಬಾಯಿಯ ಗಂಡನ ಗಾಡಿಯ ಮೇಲೆ ಇರಲಿಲ್ಲ. ಮಿರಗದ ಮಳೆ ಶುರುವಾಗಿ ಹಳ್ಳಕ್ಕೆ ನೀರು ಬಂದು, ಮೂರ್ನಾಲ್ಕು ಸಲ ತಡವಾದ ಮೇಲೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿದಳು.

"ಕೂಸು ಹೊರಗ ಬರಬೇಕಾದ್ರ ನಿನ್ನ ಗಂಡನ ಚೈನು ಕೇಳಿ ಬರಂಗಿಲ್ಲ ಕಾಂತಾ. ಇನ್ನೊಮ್ಮಿ ತಡ ಆದ್ರ ಬ್ಯಾರೆಯವರನ್ನ ತಗೋತೀನಿ ಅಂದಾರ ಡಾಕ್ಟರ್ ಸಾಬ್. ನಾ ಹೇಳೂದು ಹೇಳೀನಿ."

ಕಾಂತಾಬಾಯಿ ಮನೆಗೆ ಬಂದು ಅದನ್ನು ಒಂದಕ್ಷರ ಬಿಡದೆ ಉತ್ತಮನಿಗೆ ಹೇಳಿದಳು. ಆತನಿಗೂ ಕಳವಳವಾಯಿತು. ಕಳವಳವಾಗಿ ಏನು ಮಾಡಿದ? ಕುಳಿತು ಚೈನಿಗೆ ಇನ್ನೊಂದು ಬಿಗಿ ಕೊಟ್ಟ. ಪ್ಲಗ್ಗಿನ ಟೋಪಿಗೆ ಮೇಣದಬತ್ತಿ ಕರಗಿಸಿ ಹಚ್ಚಿದ. ನಾಳೆಯಿಂದ ಹಳ್ಳದಲ್ಲಿ ಸೊಂಟಮಟ ನೀರಿದ್ದರೂ ದಾಟುತ್ತದೆ ನೋಡು ಎಂದ. ಕಾಂತಾಬಾಯಿ ಹಣೆ ಹಣೆ ಬಡಿದುಕೊಂಡಳು.

ಮರುದಿನವೋ ಅದರ ಮರುದಿನವೋ, ಪಾಟೀಲರ ಮಗ ನಾಗನಾಥ ಬೆಳಿಗ್ಗೆಯೇ ಭೀಮನಗರದ ಬಾಯಿಗೆ ಬಂದು ನಿಂತು ಉತ್ತಮನನ್ನು ಕರೆದ. ಅವರ ದೂರದ ಹೊಲದಲ್ಲಿ ತೋಡುತ್ತಿದ್ದ ಬಾವಿಯಿಂದ ನೀರೆತ್ತುವ ಇಂಜಿನ್ನಿಗೆ ಡೀಸೆಲ್ ಒಯ್ಯಬೇಕಿತ್ತು. ರಾತ್ರಿಯ ಮಳೆಗೆ ಎರೆಹೊಲ ಅಂಟಾಗಿ ಚಕ್ಕಡಿ ಹೋಗುವಂತಿರಲಿಲ್ಲ. ಈ ಊರಲ್ಲಿ ಅಂಥ ಕೆಸರು ದಾಟುವ ಗಾಡಿ ಇದ್ದದ್ದು ಒಂದೇ, ಅದು ನಿನ್ನದೇ, ಅರ್ಧ ತಾಸಿನಲ್ಲಿ ತಂದುಕೊಡುತ್ತೇನೆ ಎಂದ. ಹಿಂದೆಯೂ ಹೀಗೆ ಒಯ್ದದ್ದುಂಟು. ಒಯ್ದಾಗಲೆಲ್ಲ ಏನಾದರೊಂದು ಮುರಿದು ತಂದದ್ದೂ ಉಂಟು. ಉತ್ತಮನಿಗೆ ಇಲ್ಲವೆನ್ನಲಾಗಲಿಲ್ಲ. ಪಾಟೀಲರ ಮಗ ತನ್ನ ಗಾಡಿ ಕೇಳಲು ತಾನಾಗಿ ಬಂದನೆಂಬುದು ಅವನ ಎದೆಯಲ್ಲಿ ಸಕ್ಕರೆಯ ಹಾಗೆ ಕರಗಿತು. ಕೀಲಿ ಕೊಟ್ಟ.

ಇದೊಂದೂ ಗೊತ್ತಿಲ್ಲದ ಕಾಂತಾಬಾಯಿ ಆಗಲೇ ಸಾಲಿಯ ಮೂಲೆಯಲ್ಲಿ ನಿಂತಿದ್ದಳು. ಗಾಡಿಯ ಸಪ್ಪಳ ಕೇಳಿತು. ಏರಿಸಿದ ಸೈಲೆನ್ಸರಿನ ಆ ಒಡಕು ದನಿಯನ್ನು ಆಕೆ ನಿದ್ದೆಯಲ್ಲೂ ಗುರುತಿಸಬಲ್ಲಳು. ಆದರೆ ಸಪ್ಪಳ ಹಳ್ಳದ ಕಡೆಯಿಂದ ಬರುತ್ತಿರಲಿಲ್ಲ. ಊರೊಳಗಿಂದ, ಕಟ್ಟೆಯ ಕಡೆಯಿಂದ ಬರುತ್ತಿತ್ತು. ಕೊನೆಗೂ ಗಲ್ಲಿಯೊಳಗಿಂದ ಬಂದನಲ್ಲ ನನ್ನ ಗಂಡ, ಅಂದುಕೊಂಡಳು. ಸೆರಗು ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಬಂದಳು.

ತಿರುವಿನಲ್ಲಿ ಬಂದವನು ನಾಗನಾಥ. ಡೀಸೆಲ್ ಡಬ್ಬಿ ಹಿಂದೆ ಕಟ್ಟಿಕೊಂಡು, ಆಕೆಯತ್ತ ಒಂದು ಕೈ ಎತ್ತಿ, ಹಾದು ಹೋದ. ಕಟ್ಟೆಯ ಮೇಲಿದ್ದವರು ಎಲೆ ಮೆಲ್ಲುವುದನ್ನೂ ನಿಲ್ಲಿಸಿರಲಿಲ್ಲ. ಸ್ವಲ್ಪ ಹೊತ್ತಿಗೆ ಉತ್ತಮ ನಡೆದುಕೊಂಡು ಬಂದ. ಇನ್ನೇನು ಬಂದೇ ಬಿಡುತ್ತಾರೆ ಎಂದ. ಬರಲಿಲ್ಲ. ಅಂದು ಆಕೆ ರಾಜೇಶ್ವರ ಮುಟ್ಟಿದ್ದು ಯಾರದೋ ಟ್ರ್ಯಾಕ್ಟರಿನ ಮೇಲೆ, ಬಿಸಿಲೇರಿದ ಮೇಲೆ. ಹಜಿರಾ ಬೀ ಡಾಕ್ಟರಿಗೆ, ಕಾಂತಾಬಾಯಿ ಬಾಣಂತಿಯೊಬ್ಬಳನ್ನು ನೋಡಿಕೊಂಡು ಬರಲು ಹೋಗಿದ್ದಾಳೆ ಎಂದು ಸುಳ್ಳು ಹೇಳಿ ಮುಚ್ಚಿಹಾಕಿದ್ದಳು. ಸುಳ್ಳಿನ ಭಾರಕ್ಕೆ ಆಕೆಯ ಮುಖ ಕೆಂಪಾಗಿತ್ತು. ನನ್ನ ಕಡೆಯಿಂದ ಇದೇ ಕೊನೆಯದು ಎಂದಳು.

ಸಂಜೆ ಗಾಡಿ ಅಂಗಳದಲ್ಲಿತ್ತು, ಎರೆಮಣ್ಣಿನ ಗೊಂಬೆಯಂತೆ. ಕ್ಲಚ್ಚು ಸುಟ್ಟ ವಾಸನೆ ಓಣಿಯ ತುದಿಗೇ ಬರುತ್ತಿತ್ತು. ಉತ್ತಮನ ಮುಖದಲ್ಲಿ ಸಿಟ್ಟಿರಬಾರದೇ? ಇರಲಿಲ್ಲ. ಗಾಲಿ ಅಚ್ಚಿನಮಟ ಹೂತು ಹೋಗಿದ್ದರೂ ಗಾಡಿ ಎದ್ದು ಬಂತಂತೆ, ನಾಗನಾಥಪ್ಪನವರೇ ಹೊಗಳಿದರು ಎಂದು ಹೇಳುತ್ತ ಕ್ಲಚ್ಚಿನ ಮುಚ್ಚಳ ಬಿಚ್ಚತೊಡಗಿದ್ದ. ಕಾಂತಾಬಾಯಿ ಅವನ ಎದುರಿಗೇ ಕೂತಳು.

"ಅದೇ ಗಾಡಿ, ಅದೇ ಗಲ್ಲಿ, ಅದೇ ಹೊಗಿ. ಮ್ಯಾಲ ಕುಂತಾವ ಬ್ಯಾರೆ, ಅಷ್ಟ. ಗಾಡಿ ನಡೀತದ, ನೀವು ನಡ್ಯಾಂಗಿಲ್ಲ. ಇದು ನಿಮಗ ತಿಳಿಯಾಕತ್ತದೋ ಇಲ್ಲೋ?"

"ನಾ ಅವರ ಮುಂದ ಒಂದು ದಿನಾನೂ ಇಳಿದಿಲ್ಲ ಕಾಂತಾ. ಗಾಡಿ ದಬ್ಬಿಲ್ಲ. ನಮ್ಮಪ್ಪ ಚಪ್ಪಲಿ ಕೈಯಾಗ ಹಿಡದಾ. ನಾ ಏನೂ ಹಿಡದಿಲ್ಲ."

"ಇಳಿದಿಲ್ಲ ಖರೆ. ಹೋಗೂ ಇಲ್ಲಲ್ಲ."

"ಹಳ್ಳದಾಗ ನಾ ಯಾರಿಗೂ ಹೆದರಂಗಿಲ್ಲ."

"ಹಳ್ಳದಾಗ ಇರಾವು ಕಪ್ಪಿ. ಕಪ್ಪಿಗಿ ಯಾಕ ಹೆದರ್ತೀರಿ?"

ಉತ್ತಮ ಸುಟ್ಟ ಪ್ಲೇಟುಗಳನ್ನು ಒಂದೊಂದಾಗಿ ಹೊರಗೆ ತೆಗೆದು ಸಾಲಾಗಿ ಇಟ್ಟ. ಆಮೇಲೆ ತಲೆ ಎತ್ತದೆ ಹತ್ತು ನಂಬರಿನ ಪಾನಾ ಕೊಡು ಎಂದ. ಕಾಂತಾಬಾಯಿಯ ಕೈ ರೂಢಿಯ ಮೇಲೆ ಪಾನಾ ಎತ್ತಿ ಕೊಟ್ಟಿತು. ಕೊಟ್ಟ ಮೇಲೆ ತನ್ನ ಕೈಯ ಮೇಲೆಯೇ ಆಕೆಗೆ ಸಿಟ್ಟು ಬಂತು. ಈ ಗಾಡಿಯನ್ನು ಆತ ಎಷ್ಟು ದಿನ ಚೆನ್ನಾಗಿ ರಿಪೇರಿ ಮಾಡುತ್ತಾನೋ ಅಷ್ಟು ದಿನ ಹಳ್ಳ ತಪ್ಪುವುದಿಲ್ಲ. ಅದಕ್ಕೆ ತಾನೂ ಪಾನಾ ಕೊಡುತ್ತಿದ್ದೇನೆ. ಇಬ್ಬರೂ ಸೇರಿ ಇಷ್ಟು ವರ್ಷ ಗಾಡಿಯನ್ನಲ್ಲ, ಪಾಟೀಲರ ಪದ್ಧತಿಯನ್ನು ಗ್ರೀಸು ಹಚ್ಚಿ ನಡೆಸಿಕೊಂಡು ಬಂದಿದ್ದೇವೆ. ಇದು ತಲೆಗೆ ಬಂದಾಗ ಆಕೆ ಎದ್ದು ಒಳಗೆ ಹೋದಳು.

ಮರುದಿನ ಆದಿತ್ಯವಾರ. ದವಾಖಾನೆಯಲ್ಲಿ ಆಕೆಯ ಪಾಳಿ ಇರಲಿಲ್ಲ. ವಜೀರನ ಗ್ಯಾರೇಜಿಗೆ ಶುಕ್ರವಾರ ರಜೆಯಾದ್ದರಿಂದ ಆದಿತ್ಯವಾರ ತೆರೆದಿರುತ್ತಿತ್ತು. ಉತ್ತಮ ಕ್ಲಚ್ ಪ್ಲೇಟು ತರಲು ಲಾರಿ ಹಿಡಿದು ಹುಮನಾಬಾದಿಗೆ ಹೋದ. ಅವನು ಬದು ದಾಟಿದ್ದೇ ಕಾಂತಾಬಾಯಿ ಅಟ್ಟದ ಮೇಲಿನ ಗೋಣಿಚೀಲ ಇಳಿಸಿದಳು. ಗಾಡಿಯಿಂದ ಬಿಚ್ಚಿದ್ದ ಹಳೆಯ ಸಾಮಾನು ಎಲ್ಲ ಅದರಲ್ಲಿತ್ತು. ಕೆಳಗಿನ ಸೈಲೆನ್ಸರ್, ಸಣ್ಣ ಹಲ್ಲುಚಕ್ರ, ಮಡ್‌ಗಾರ್ಡಿನ ಮೂಲ ಪಟ್ಟಿಗಳು. ಅಂಗಳದಲ್ಲಿ ಹರಡಿ, ಸೆರಗು ಸಿಕ್ಕಿಸಿಕೊಂಡು ಕೂತಳು. ಸೋನುಬಾಯಿ ಬಾಗಿಲಿಗೆ ಬಂದಳು.

"ಏನ್ ಬಿಚ್ಚಾಕತ್ತೀದಿ?"

"ಹಳ್ಳ ಬಿಚ್ಚಾಕತ್ತೀನಿ ಅತ್ತಿ."

ಮುದುಕಿಗೆ ತಿಳಿಯಿತು. ತಿಳಿದು ಹೆದರಿದಳು. ಪಾಟೀಲರ ಹೊಲದಲ್ಲಿ ಕಳೆ ತೆಗೆಯುವುದು ಆಕೆಯ ಕೂಲಿ. ನಾಳೆಯಿಂದ ಕರೆಯುವುದಿಲ್ಲ, ಮಗನನ್ನು ಹೊಡೆದರೆ ಏನು ಮಾಡುತ್ತೀ, ಆತ ಶಾಣ್ಯಾತನದಿಂದ ಕಂಡುಕೊಂಡ ದಾರಿ ಅದು ಎಂದೆಲ್ಲ ಒಂದೇ ಸಮನೆ ಹೇಳಿದಳು. ಹೊಡೆಯಬಹುದು ಎಂಬುದು ಸುಳ್ಳಲ್ಲ, ಕಾಂತಾಬಾಯಿಗೂ ಅದು ಗೊತ್ತಿತ್ತು. ಆದರೂ ಕೈ ನಿಲ್ಲಿಸಲಿಲ್ಲ. ಸೈಲೆನ್ಸರಿನ ನಟ್ಟು ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ಸುರಿದು, ಕಾದು, ಪಾನಾದ ಮೇಲೆ ಒನಕೆಯಿಂದ ಬಡಿದು ಬಿಚ್ಚಿದಳು. ಹಿಂದಿನ ಗಾಲಿ ಮಾತ್ರ ಒಬ್ಬಳಿಂದ ಆಗಲಿಲ್ಲ. ಅಚ್ಚು ಎಳೆದರೆ ಗಾಲಿ ವಾಲುತ್ತಿತ್ತು, ಗಾಲಿ ಹಿಡಿದರೆ ಅಚ್ಚು ಬರುತ್ತಿರಲಿಲ್ಲ. ಮೂರನೆಯ ಸಲ ಗಾಲಿ ವಾಲಿದಾಗ ಸೋನುಬಾಯಿ ಬಂದು ಎರಡೂ ಕೈಯಿಂದ ಹಿಡಿದುಕೊಂಡು ಕೂತಳು. ತೀರಿಹೋದ ಗಂಡನ ಮಾತು ತೆಗೆದಳು.

"ಬ್ಯಾಸಗ್ಯಾಗ ಅವರ ಅಂಗಾಲ ಬೊಬ್ಬಿ ಎದ್ದು ಬರ್ತಿದ್ದವು. ನಾ ಎಣ್ಣಿ ಹಚ್ತಿದ್ದೆ. ಕೈಯಾಗಿನ ಚಪ್ಪಲಿ ಹೊಸಾವೇ ಇದ್ದವು."

ಅಷ್ಟೇ ಹೇಳಿದಳು. ಗಾಲಿಯನ್ನು ಮಾತ್ರ ಅಲುಗದಂತೆ ಹಿಡಿದಿದ್ದಳು. ಕಾಂತಾಬಾಯಿ ಸಣ್ಣ ಹಲ್ಲುಚಕ್ರ ಕೂಡಿಸಿ, ಚೈನಿಗೆ ಸೇರಿಸಿದ್ದ ಕೊಂಡಿಗಳನ್ನು ತೆಗೆದು, ಅದರ ಎರಡು ತುದಿ ಕೂಡಿಸುವ ಲಾಕು ಹಾಕಿದಳು. ಮಡ್‌ಗಾರ್ಡು ಗಾಲಿಯ ಮೈಗೆ ಇಳಿಯಿತು. ಬಿಚ್ಚಿದ ಸಾಮಾನನ್ನೆಲ್ಲ ತವರಿನ ಸಂದೂಕಿನಲ್ಲಿ ತುಂಬಿ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹೊತ್ತು ಮುಳುಗುವ ಮುಂಚೆ ಬಂದ ಉತ್ತಮ ಅಂಗಳದಲ್ಲೇ ನಿಂತುಬಿಟ್ಟ. ಗಾಡಿಯ ಸುತ್ತ ಒಂದು ಸುತ್ತು ಬಂದ. ಇದನ್ನು ತಗೊಂಡು ಹಳ್ಳಕ್ಕಿಳಿದರೆ ನಾಲ್ಕು ಮಾರು ಹೋಗುವುದಿಲ್ಲ, ನಡುವೆ ನಿಲ್ಲುತ್ತದೆ ಎಂದು ಕೂಗಾಡಿದ. ಅದಕ್ಕೇ ಮಾಡಿದ್ದು ಎಂದಳು ಕಾಂತಾಬಾಯಿ. ಕೀಲಿ ಕೊಡು ಎಂದ. ಕೊಡಲಿಲ್ಲ. ತಾಯಿಯ ಕಡೆ ತಿರುಗಿದ. ತಾಯಿಯ ಅಂಗೈಯೂ ಗ್ರೀಸಿನಿಂದ ಕಪ್ಪಾಗಿತ್ತು. ಮುದುಕಿ ಕೈ ಮುಚ್ಚಿಕೊಳ್ಳಲಿಲ್ಲ.

ಉತ್ತಮ ಕೂತ. ತಂದ ಪ್ಲೇಟುಗಳನ್ನು ಎಣ್ಣೆಯಲ್ಲಿ ಅದ್ದಿ, ಒಂದರ ಮೇಲೊಂದು ಕೂಡಿಸಿ, ಮುಚ್ಚಳ ಹಾಕಿದ. ಆಮೇಲೆ ಚೈನಿನ ಮೇಲೆ ಬೆರಳಾಡಿಸುತ್ತ ಲಾಕಿನ ಹತ್ತಿರ ನಿಲ್ಲಿಸಿದ. ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಬೇಕು. ಕಾಂತಾಬಾಯಿ ಹಿಂದುಮುಂದಾಗಿ ಹಾಕಿದ್ದಳು, ಓಡುವಾಗ ಕಳಚಿ ಹೋಗುತ್ತಿತ್ತು. ಉತ್ತಮ ಅದನ್ನು ತೆಗೆದು ತಿರುಗಿಸಿ ಹಾಕಿದ. ಇಕ್ಕಳದಿಂದ ಒತ್ತಿ ಎರಡು ಸಲ ಜಗ್ಗಿ ನೋಡಿದ. ಕಾಂತಾಬಾಯಿ ಒಳಗಿನಿಂದ ಅದನ್ನು ನೋಡಿದಳು, ನೋಡದವಳ ಹಾಗೆ ರೊಟ್ಟಿ ತಟ್ಟಿದಳು.

ಬೆಳಿಗ್ಗೆ ಆಕೆ ಸಾಲಿಯ ಮೂಲೆಗೆ ನಡೆದು ಹೋಗಲಿಲ್ಲ. ಅಂಗಳದಲ್ಲೇ ಹಿಂದಿನ ಸೀಟಿನ ಮೇಲೆ ಕೂತಳು. ಓಣಿಯವರು ಬಾಗಿಲುಗಳಲ್ಲಿ ನಿಂತು ನೋಡಿದರು, ಯಾರೂ ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅಗಸಿ ಬಂದಾಗ ಗಂಡನ ಭುಜ ಕಲ್ಲಾದದ್ದು ಆಕೆಯ ಕೈಗೆ ಗೊತ್ತಾಯಿತು. ಆದರೂ ಗಾಡಿ ಒಳಗೆ ಹೊಕ್ಕಿತು.

ಕಟ್ಟೆಯ ಮೇಲೆ ಮಹಾರುದ್ರಪ್ಪ, ಬಸವಣಪ್ಪ, ಇನ್ನಿಬ್ಬರು. ಮಹಾರುದ್ರಪ್ಪ ಅವಸರವಿಲ್ಲದೆ ಇಳಿದು ಗಲ್ಲಿಯ ನಡುವೆ ಬಂದು ನಿಂತ. ಉತ್ತಮ ಗಾಡಿ ನಿಲ್ಲಿಸಬೇಕಾಯಿತು. ಇಂಜಿನ್ನು ಗುಟುಗುಟು ಅನ್ನುತ್ತಿತ್ತು. ಪಾಟೀಲ ನಗುತ್ತಲೇ ಕೇಳಿದ.

"ಯಾಕ ಉತ್ತಮ, ಹಳ್ಳ ತುಂಬ್ಯಾದೇನು?"

ಎಂಥ ಮಾತು ನೋಡಿ. ಹೌದು ಅಂದರೆ ಸಾಕು. ಹಾಗಾದರೆ ಇವತ್ತೊಂದಿನ ಹೋಗಪ್ಪ ಎಂದು ಪಾಟೀಲ ದಾರಿ ಬಿಡುತ್ತಾನೆ, ದೊಡ್ಡ ಮನಸ್ಸಿನವನಾಗುತ್ತಾನೆ, ನಾಳೆ ಹಳ್ಳ ಇಳಿಯುತ್ತದೆ, ಪದ್ಧತಿ ಇದ್ದಲ್ಲೇ ಇರುತ್ತದೆ. ಗಂಡ ಹೌದ್ರಿ ಎಂದೇ ಬಿಡುತ್ತಾನೆ ಎಂದು ಕಾಂತಾಬಾಯಿಗೆ ಖಾತ್ರಿಯಾಯಿತು. ತಾನೇ ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಉತ್ತಮ ಹೇಳಿದ.

"ಇಲ್ರಿ ಪಾಟೀಲ್ರ. ಹಳ್ಳ ಖಾಲಿ ಅದ."

ಅಷ್ಟು ಹೊತ್ತು ನಿಂತಲ್ಲೇ ಗುಟುಗುಟಿಸುತ್ತಿದ್ದ ಇಂಜಿನ್ನು, ಪ್ಲಗ್ಗಿಗೆ ಎಣ್ಣೆ ಕಟ್ಟಿ, ಸರಿಯಾಗಿ ಆ ಗಳಿಗೆ ನೋಡಿಕೊಂಡು ಸತ್ತಿತು. ಉತ್ತಮ ಕೂತಲ್ಲಿಂದಲೇ ಕಿಕ್ ಹೊಡೆದ. ಇನ್ನೊಮ್ಮೆ ಹೊಡೆದ. ಊಹೂಂ. ಬಸವಣಪ್ಪ ಕಿಸಕ್ಕನೆ ನಕ್ಕ. ಕಾಂತಾಬಾಯಿಗೆ ಆ ಗಾಡಿಯನ್ನು ಬೆಂಕಿಗೆ ಹಾಕಬೇಕೆನ್ನಿಸಿತು. ಮಹಾರುದ್ರಪ್ಪನ ದನಿ ಇನ್ನಷ್ಟು ಮೆತ್ತಗಾಯಿತು.

"ಇಳಿದು ನೋಡಪ್ಪ. ಮ್ಯಾಲ ಕುಂತು ಯಾಕ ತ್ರಾಸ ತಗೋತಿ?"

"ಇಲ್ಲಿಂದನೂ ಕೈ ಹತ್ತತದ್ರಿ."

ಉತ್ತಮ ಜೇಬಿನಿಂದ ಪ್ಲಗ್ ಪಾನಾ ತೆಗೆದ. ಎರಡೂ ಕಾಲು ಊರಿ, ಸೀಟಿನಿಂದ ಮೇಲೇಳದೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಎದೆಯಿಟ್ಟು ಬಗ್ಗಿ ಇಂಜಿನ್ನಿನ ತಲೆಗೆ ಕೈ ಹಾಕಿದ. ಬಿಸಿಗೆ ಬೆರಳು ಚುರುಗುಟ್ಟಿರಬೇಕು, ಕೈ ತೆಗೆಯಲಿಲ್ಲ. ಬಿಚ್ಚಿದ ಪ್ಲಗ್ಗನ್ನು ಹಿಂದಕ್ಕೆ ಚಾಚಿದ. ಕಾಂತಾಬಾಯಿ ಸೆರಗಿನಲ್ಲಿ ಹಿಡಿದುಕೊಂಡು, ತನ್ನ ಕೈಚೀಲದೊಳಗಿದ್ದ ಒಣ ಪ್ಲಗ್ಗು ಅವನ ಕೈಗಿಟ್ಟಳು. ಬಿಳಿ ಸೆರಗಿನ ಮೇಲೆ ಕರಿ ಕಲೆ ಬಿತ್ತು. ಕಟ್ಟೆಯ ಮೇಲಿನವರು ನೋಡುತ್ತಲೇ ಇದ್ದರು. ಪಾಟೀಲನೂ ನೋಡುತ್ತ ನಿಂತಿದ್ದ, ಯಾವಾಗ ಇಳಿದಾನು ಎಂದು. ಉತ್ತಮ ಇಳಿಯಲಿಲ್ಲ. ಕಿಕ್ ಹೊಡೆದ. ಗಾಡಿ ಹೊಗೆ ಕಾರಿ ಎದ್ದಿತು. ಮಹಾರುದ್ರಪ್ಪ ಧೋತರದ ಅಂಚು ಎತ್ತಿಕೊಂಡು ಬದಿಗೆ ಸರಿದ. ಸರಿಯಬೇಕೆಂದಲ್ಲ, ಹೊಗೆ ಕಣ್ಣಿಗೆ ಬಂತು.

ಅಂದು ಕಾಂತಾಬಾಯಿ ದವಾಖಾನೆ ಮುಟ್ಟಿದಾಗ ಹಜಿರಾ ಬೀ ಇನ್ನೂ ಬಂದಿರಲಿಲ್ಲ.

ಇಲ್ಲಿಗೆ ಎಲ್ಲ ಸುಖವಾಯಿತು ಎಂದುಕೊಳ್ಳುವವರು ನಮ್ಮ ಊರುಗಳನ್ನು ನೋಡಿಲ್ಲ. ಸೋನುಬಾಯಿಯನ್ನು ಕಳೆ ತೆಗೆಯಲು ಮತ್ತೆ ಯಾರೂ ಕರೆಯಲಿಲ್ಲ. ಮರುವಾರದಿಂದ ಗಲ್ಲಿಯಲ್ಲಿ ಜಾಲಿ ಮುಳ್ಳು ಕಾಣಿಸಿಕೊಂಡಿತು. ಗಾಳಿಗೆ ಬಂದು ಬಿತ್ತು ಎಂದರು. ಗಾಳಿ ಸರಿಯಾಗಿ ಉತ್ತಮನ ಗಾಲಿ ಹಾಯುವ ಜಾಗದಲ್ಲೇ ಹಾಸಿತ್ತು. ಕಾಂತಾಬಾಯಿಯ ಮನೆಯಲ್ಲಿ ಈಗ ಚೈನಿನ ಬದಲು ಟ್ಯೂಬು. ಸಂಜೆಯಾದರೆ ಬಕೆಟ್ಟಿನ ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆ ನೋಡುವುದು, ಉಜ್ಜುವುದು, ತೇಪೆ ಹಚ್ಚುವುದು. ಆಕೆ ಗೊಣಗಿದಳು, ಗೊಣಗುತ್ತಲೇ ಹಚ್ಚಿದಳು. ಹಳ್ಳಕ್ಕಿಂತ ಪಂಕ್ಚರು ಬೇಗ ಮುಗಿಯುತ್ತಿತ್ತು.

ಮುಳ್ಳು ನಿಂತದ್ದು ಹೇಗೆ? ಯಾರಿಗಾದರೂ ನಾಚಿಕೆಯಾಗಿ ಅಲ್ಲ. ಬಿತ್ತಿಗೆಯ ಹೊತ್ತಿನಲ್ಲಿ ಬಸವಣಪ್ಪನ ಎತ್ತಿನ ಗೊರಸಿಗೆ ಮುಳ್ಳು ಹೊಕ್ಕು ಕೀವಾಯಿತು. ಆತ ಕಟ್ಟೆಯ ಮುಂದೆ ನಿಂತು ಊರಿಗೆಲ್ಲ ಹಿಡಿಶಾಪ ಹಾಕಿದ. ಅಂದೇ ಪಂಚರು ಕೂತರು, ದಾರಿಯಲ್ಲಿ ಮುಳ್ಳು ಚೆಲ್ಲಿದವರಿಗೆ ದಂಡ ಎಂದರು, ಮೂಕ ಪ್ರಾಣಿ ಏನು ಪಾಪ ಮಾಡಿತ್ತು ಎಂದು ಮಹಾರುದ್ರಪ್ಪ ಕಣ್ಣು ಒರೆಸಿಕೊಂಡನಂತೆ. ಮನುಷ್ಯರಿಗಾಗಿ ಒಂದು ಕಡ್ಡಿ ಅಲುಗಿಸದ ಊರು ಎತ್ತಿಗಾಗಿ ದಾರಿ ಗುಡಿಸಿತು. ಆ ಗುಡಿಸಿದ ದಾರಿಯಲ್ಲೇ ಕಾಂತಾಬಾಯಿ ದಿನಾ ಹೋಗಿಬಂದಳು. ವರ್ಷ ತುಂಬಿದಾಗ ಆಕೆಯ ಕೆಲಸ ಕಾಯಂ ಆಯಿತು. ಊರವರು ಮಾತ್ರ ಈಗಲೂ ನೆನೆಸಿಕೊಂಡು ಮರುಗುತ್ತಾರೆ, ಎಂಥ ಹಳ್ಳದ ಗಾಡಿ ಇತ್ತು, ಹೆಂಡತಿಯ ಮಾತು ಕೇಳಿ ಕೆಡಿಸಿಕೊಂಡ ಎಂದು.

ಭೀಮನಗರದ ಸೈಕಲ್ಲಿನವರು ಕೆಲವರು ಇಳಿಯುವುದನ್ನು ಬಿಟ್ಟರು, ಕೆಲವರು ಬಿಡಲಿಲ್ಲ. ಒಂದು ಬೆಳಿಗ್ಗೆ ಓಣಿಯ ಒಬ್ಬ ಮನುಷ್ಯ, ಮೀಸೆ ನರೆತವನು, ಕಟ್ಟೆಯ ಮೇಲೆ ನರಪಿಳ್ಳೆ ಇಲ್ಲದಿದ್ದರೂ ಇಳಿದು ಸೈಕಲ್ ದಬ್ಬುತ್ತಿದ್ದ. ಕಾಂತಾಬಾಯಿಗೆ ರೇಗಿಹೋಯಿತು. ಗಾಡಿ ಪಕ್ಕಕ್ಕೆ ಬಂದಾಗ ಹಿಂದಿನ ಸೀಟಿನಿಂದಲೇ ಬಗ್ಗಿದಳು.

"ಯಾರಿಲ್ಲೋ ಮಾಮಾ ಇಲ್ಲಿ. ಯಾರಿಗಿ ಇಳಿದೀದಿ? ಹತ್ತು."

ಆತ ಹತ್ತಿದನೋ ಇಲ್ಲವೋ, ತಿರುಗಿ ನೋಡಲು ಆಕೆಗೆ ಪುರಸೊತ್ತಿರಲಿಲ್ಲ. ರಾಜೇಶ್ವರದಲ್ಲಿ ಒಬ್ಬಳಿಗೆ ನಸುಕಿನಿಂದ ಬೇನೆ ಶುರುವಾಗಿತ್ತು.